ವಲ್ಲಿಯ ಕೆಳಗಿನ ಕೈ

ಕಲ್ಲೂರಿನ ಹೊಲದಲ್ಲಿ ಅವರನ್ನು ಮಣ್ಣು ಮಾಡಿ, ಕಾಲುವೆಯ ದಂಡೆಗೆ ಕೂತು ಕೈಕಾಲು ತೊಳೆದುಕೊಳ್ಳುತ್ತಿದ್ದೆವು. ಪಕ್ಕದಲ್ಲಿದ್ದ ಅಕ್ಕಿ ಗಿರಣಿಯ ಸಾವುಕಾರರು ಕೈ ಝಾಡಿಸುತ್ತ ಅಂದರು:

"ಮುದುಕ ಹೋಗಿ ಮೂರು ವರ್ಸ ಆತು ಬಿಡ್ರಿ. ಇವತ್ತು ಬರೇ ಮಣ್ಣು ಹಾಕಿದ್ವಿ."

ಸುತ್ತಲಿದ್ದ ನಾಲ್ಕು ಜನ ಹೌದು ಹೌದೆಂದು ತಲೆಯಾಡಿಸಿದರು. ನಾನು ಆಡಿಸಲಿಲ್ಲ.

"ಯಾಕ್ರಿ ಸಾವಕಾರ್ರ, ಇವತ್ತು ನಸುಕಿನ ತನಕ ಉಸುರಾಡಿದ ಮನಷ್ಯಾನ್ನ ಮೂರು ವರ್ಸ ಹಿಂದಕ್ಕ ಯಾಕ ನೂಕ್ತೀರಿ?"

"ಉಸುರು ಇತ್ತಪ್ಪ, ಇಲ್ಲಂದವರ‍್ಯಾರು? ಒಳಗ ಯಾರಿದ್ರು ಹೇಳು. ಹೊಟ್ಟಿ ಮಗನ ಗುರ್ತಿಲ್ಲ, ತನ್ನ ಹೆಸರು ತನಗ ಗೊತ್ತಿಲ್ಲ."

"ಒಳಗ ಅವರ ಇದ್ರು. ನಾ ನೋಡೀನಿ."

"ನಿನ್ನ ಹುಟ್ಟುಗುಣ ಬಿಡವಲ್ದು ನೋಡು. ಹಳೇ ಟ್ರ್ಯಾಕ್ಟರಿಗೆ ಚೌಕಾಸಿ ಮಾಡಿದಂಗ ಸಾವಿಗೂ ಮಾಡಾಕತ್ತೀಯಲ್ಲೋ!"

ಜನ ನಕ್ಕರು. ಮಣ್ಣಿಗೆ ಬಂದವರು ನಗಬಾರದು, ಆದರೂ ನಕ್ಕರು. ನಗಲಿ. ಎದುರಿನವನ ಮುಖ ನೋಡಿ ಎಷ್ಟೋ ವ್ಯಾಪಾರಗಳಲ್ಲಿ ನಾನು ಅಷ್ಟಿಷ್ಟು ಬಿಟ್ಟುಕೊಟ್ಟಿದ್ದೇನೆ. ಆದರೆ ಈ ಮೂರು ವರ್ಷದಲ್ಲಿ ಒಂದು ದಿನವನ್ನೂ ಬಿಟ್ಟುಕೊಡುವವನಲ್ಲ. ಯಾಕೆಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೇಳಿದವರಿಗೆ ಅವರೇ ಹೇಳುತ್ತಿರಲಿಲ್ಲ. ದೇವದುರ್ಗದ ದನದ ಸಂತೆಯಲ್ಲಿ ಹೊಸ ಗಿರಾಕಿ ಯಾರಾದರೂ "ತಮ್ಮ ಹೆಸರೇನ್ರಿ?" ಅಂದರೆ, "ನನ್ನ ಹೆಸರು ತಗೊಂಡು ಬಿತ್ತಾಕ ಹೋಗ್ತೀಯೇನು? ಎತ್ತು ನೋಡು" ಅನ್ನುತ್ತಿದ್ದರು. ಅವರು ಅಲ್ಲಿ ದಲ್ಲಾಳಿ. ಕೊಡುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವುದು ಅವರ ಕಸುಬು.

ಸಂತೆ ನೋಡದವರಿಗೆ ಒಂದು ಮಾತು ತಿಳಿಸಬೇಕು. ನಮ್ಮ ಕಡೆ ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು, ಅಂದರೆ ಟವೆಲನ್ನು, ಇಬ್ಬರ ಕೈಮೇಲೆ ಮುಚ್ಚಿ, ಅದರ ಕೆಳಗೆ ಬೆರಳಲ್ಲೇ ಮಾತು. ಇಷ್ಟು ಬೆರಳು ಹಿಡಿದರೆ ಇಷ್ಟು, ಇಡೀ ಅಂಗೈ ಹಿಡಿದರೆ ಇಷ್ಟು, ಗೆಣ್ಣು ಒತ್ತಿದರೆ ಅದರಲ್ಲಿ ಅರ್ಧ. ಸುತ್ತ ನೂರು ಜನ ನಿಂತಿದ್ದರೂ ಒಳಗಿನದು ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಮಾತು ಮುಗಿಯಿತು, ಮಾಲು ಕೊಡುವುದಿಲ್ಲ ಅನ್ನಬೇಕಾದರೆ ಮುಷ್ಟಿ ಕಟ್ಟುತ್ತಾರೆ. ಮುಷ್ಟಿ ಕಟ್ಟಿದ ಮೇಲೆ ದೇವರು ಬಂದು ಕೇಳಿದರೂ ಆ ದಿನ ಆ ಎತ್ತಿನ ವ್ಯಾಪಾರ ಮುಗಿದಂತೆ.

ನಾನು ಅವರ ಕೈಗೆ ಸಿಕ್ಕಿದ್ದು ಮದುವೆಯಾದ ವರ್ಷ. ಪೋತ್ನಾಳದಿಂದ ಒಂಟಿ ಎತ್ತು ಹೊಡೆದುಕೊಂಡು ಹೋಗಿದ್ದೆ. ಅದರ ಬಲಗಾಲಲ್ಲಿ ಸಣ್ಣ ಐಬು ಇತ್ತು. ಕಾಣದ ಹಾಗೆ ಗೊರಸಿಗೆ ಕೆಸರು ಮೆತ್ತಿ ನಿಲ್ಲಿಸಿದ್ದೆ. ಜಾಣತನ ಅಂದುಕೊಂಡಿದ್ದೆ. ಅವರು ಎತ್ತನ್ನು ನೋಡಲೇ ಇಲ್ಲ. ಸೀದಾ ಬಂದು ವಲ್ಲಿ ಮುಚ್ಚಿ ನನ್ನ ಕೈ ಹಿಡಿದರು. ಒಂದು ಗಳಿಗೆ ಹಿಡಿದು ಬಿಟ್ಟರು.

"ಯಾವ ಕಾಲು?" ಅಂದರು.

"ಏನ್ರಿ?"

"ಎತ್ತಿನ ಯಾವ ಕಾಲಿನಾಗ ಅದ ಐಬು? ಲೇ ತಮ್ಮಾ, ನಿನ್ನ ಕೈ ನಡಗಾಕತ್ತದ. ಬಾಯಿ ಹೇಳಲಿಲ್ಲಂದ್ರ ಕೈ ಹೇಳತದ. ಕೆಸರು ತೊಳಿ, ಇದ್ದದ್ದು ಹೇಳು, ಹೊಲ ಊಳದವಗ, ಬರೇ ಗಾಡಿಗೆ ಹೂಡಾವಗ ಮಾರಿಸ್ತೀನಿ."

ಹಾಗೆಯೇ ಮಾರಿಸಿಕೊಟ್ಟರು. ಅಂದಿನಿಂದ ಎಂಟು ವರ್ಷ ಅವರ ಹಿಂದೆ ತಿರುಗಿದೆ. ಮಾನ್ವಿ, ದೇವದುರ್ಗ, ರಾಯಚೂರು, ಎಲ್ಲಿ ಸಂತೆಯೋ ಅಲ್ಲಿ. ಇವತ್ತು ರಾಯಚೂರಿನಲ್ಲಿ ಹಳೆಯ ಟ್ರ್ಯಾಕ್ಟರ್ ಕೊಂಡು ಮಾರುವ ಅಂಗಳ ಇಟ್ಟಿದ್ದೇನಲ್ಲ, ಅದಕ್ಕೆ ಬೇಕಾದ ವಿದ್ಯೆಯೆಲ್ಲ ಆ ವಲ್ಲಿಯ ಕೆಳಗೇ ಕಲಿತದ್ದು. ಕಬ್ಬಿಣಕ್ಕೆ ಎತ್ತಿನ ಹಾಗೆ ನೋಡಲು ಸುಳಿ ಇಲ್ಲ, ಹಲ್ಲಿಲ್ಲ, ಆದರೆ ಮಾರುವವನ ಕೈ ಎಲ್ಲ ಕಾಲಕ್ಕೂ ಒಂದೇ.

ನಾನು ಅಂಗಳ ಇಟ್ಟ ಮೇಲೆ ಅವರು ಆಗಾಗ ಬಂದು ಬೇವಿನ ನೆರಳಲ್ಲಿ ಕೂರುತ್ತಿದ್ದರು. ಚಹಾ ಕೊಟ್ಟರೆ ಬಸಿಗೆ ಸುರಿದುಕೊಂಡು, ಊದದೆ, ಆರುವ ತನಕ ಸುಮ್ಮನೆ ನೋಡುತ್ತ ಕೂರುವರು. "ಊದಿದ್ರ ಅದರ ಸಿಟ್ಟು ಇಳೀತದ, ರುಚಿನೂ ಇಳೀತದ" ಅನ್ನುವರು. ಒಮ್ಮೆ ಹೊಸದಾಗಿ ಬಣ್ಣ ಹೊಡೆಸಿ ನಿಲ್ಲಿಸಿದ್ದ ಒಂದು ಟ್ರ್ಯಾಕ್ಟರಿನ ಸುತ್ತ ಎರಡು ಸುತ್ತು ಹಾಕಿದರು.

"ಯಾರದಿದು?"

"ಪೋತ್ನಾಳದ ಗೌಡ್ರದ್ರೀ ಯಪ್ಪಾ."

"ಇಂಜಿನ್ನು ಅದಽ ಏನು?"

"ಇಲ್ರಿ, ಬ್ಯಾರೇದು ಕೂಡ್ಸೀನಿ."

"ಗಾಲಿ?"

"ಹೊಸಾವು."

"ಸೀಟು, ಲೈಟು?"

"ಎಲ್ಲಾ ಬದಲಿ ರೀ."

"ಮತ್ತ ಇದರಾಗ ಗೌಡ್ರದಂತ ಉಳದದ್ದೇನಲೇ? ಗೌಡ್ರ ಬೈಗಳಾ?"

ನಾನು ಬಗ್ಗಿ ಚಾಸಿಯ ಮೇಲೆ ಹೊಡೆದ ನಂಬರ್ ತೋರಿಸಿದೆ. "ಇದು ಒಂದ ಇರತದ್ರೀ ಯಪ್ಪಾ. ಸರ್ಕಾರದ ಲೆಕ್ಕಕ್ಕ ಇದಽ ಟ್ರ್ಯಾಕ್ಟರ್."

"ಆತು. ಹಂಗಾರ ನಿನ್ನ ನಂಬರ್ ಎಲ್ಲಿ ಬಡದಾರ, ಅಂಗಿ ತೆಗದು ತೋರ್ಸು."

ನಾನೂ ಬಿಡುವವನಲ್ಲ. ಕಿಸೆಯಿಂದ ಆಧಾರ್ ಕಾರ್ಡು ತೆಗೆದು ಅವರ ಮುಂದೆ ಹಿಡಿದೆ. ಅವರು ಅದನ್ನು ಹಿಂದೆ ಮುಂದೆ ತಿರುವಿ ನೋಡಿದರು.

"ಈ ಫೋಟೋದಾಗಿನವ ನೀ ಅಲ್ಲ ಬಿಡು, ಕಳ್ಳ ಇದ್ದಂಗ ಅದಾನ. ಇದು ಕಳದ್ರ ನೀ ಕಳೀತೀಯೇನು?"

"ನಾ ಯಾಕ ಕಳೀತೀನ್ರಿ? ಕಳೀತು ಅಂತ ನನಗ ಗೊತ್ತಾಗತದಲ್ಲ."

"ಹಾಂ!" ಎಂದು ಬಸಿ ಕೆಳಗಿಟ್ಟರು. "ಆ ಗೊತ್ತಾಗಾಂವ ಒಬ್ಬ ಕುಂತಾನಲ್ಲ, ಅವನ್ನ ಹಿಡಕೋ. ಉಳಿದದ್ದೆಲ್ಲ ಬದಲಿ ಸಾಮಾನು."

ನನಗೆ ಆಗ ಅದರ ಮೇಲೆ ಯೋಚನೆ ಮಾಡುವಷ್ಟು ಪುರುಸೊತ್ತು ಇರಲಿಲ್ಲ. ಯರಗೇರಾದ ಗಿರಾಕಿ ಬಂದು ನಿಂತಿದ್ದ. ಸಂಜೆಯೊಳಗೆ ಟ್ರ್ಯಾಕ್ಟರ್ ಮಾರಿದೆ, ಮಾತನ್ನು ಮರೆತೆ. ಮರೆಯುವುದು ಅಷ್ಟು ಸುಲಭ. ಅದಕ್ಕೆ ರೋಗವೇ ಬರಬೇಕು ಅಂತಿಲ್ಲ.

ರೋಗ ಬಂದದ್ದು ಅವರಿಗೆ. ಒಂದು ದಿನ ಮಧ್ಯಾಹ್ನ ಬಸ್ಸಿಳಿದು ನನ್ನ ಅಂಗಳಕ್ಕೆ ಬಂದರು. ಕಾಲಲ್ಲಿ ಒಂದೇ ಚಪ್ಪಲಿ. ನನ್ನನ್ನು ನೋಡಿ, ದಾರಿಹೋಕನನ್ನು ಕೇಳುವ ದನಿಯಲ್ಲಿ, "ತಮ್ಮಾ, ಇಲ್ಲಿ ದನದ ಸಂತಿ ಎಲ್ಲಿ ಕೂಡತದ?" ಅಂದರು. ದೇವದುರ್ಗದ ಬಸ್ಸು ಹತ್ತುವ ಬದಲು ರಾಯಚೂರಿನದು ಹತ್ತಿದ್ದರು. ಕೂರಿಸಿ ಚಹಾ ಕೊಟ್ಟೆ. ಬಸಿಗೆ ಸುರಿದುಕೊಂಡು, ಊದದೆ, ಕಾಯುತ್ತ ಕೂತರು.

ಮಗನಿಗೆ ಫೋನ್ ಮಾಡಿ, ನಾನೇ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಮೆತ್ತಗೆ ಪರೀಕ್ಷೆ ಶುರು ಮಾಡಿದರು. ಇವತ್ತು ಯಾವ ವಾರ, ಇದು ಯಾವ ಊರು, ನೂರರಲ್ಲಿ ಏಳು ಕಳೆದರೆ ಎಷ್ಟು. ಇವರು ಮೂರು ಪ್ರಶ್ನೆ ಸಹಿಸಿಕೊಂಡರು. ನಾಲ್ಕನೆಯದಕ್ಕೆ ಕೈಯೆತ್ತಿ ತಡೆದರು.

"ಡಾಕ್ಟರ್ ಸಾಹೇಬ್ರ, ಎತ್ತಿನ ಬಾಯಿ ತೆಗಸಿ ಹಲ್ಲು ಎಣಸಿದಂಗ ಎಣಸಾಕತ್ತೀರಿ. ಈ ಕಸುಬು ನಾನೂ ಮಾಡೀನಿ. ಹಲ್ಲು ನೋಡಾವ ಬೆಲಿ ಇಳಸಾಕಽ ನೋಡ್ತಾನ. ನೀವು ಎಷ್ಟು ಇಳಸ್ತೀರಿ, ಮೊದಲ ಹೇಳಿಬಿಡ್ರಿ."

ಡಾಕ್ಟರು ನಕ್ಕರು. ಗುಳಿಗೆ ಬರೆದರು. ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, ಇನ್ನು ಮುಂದೆ ಇಳಿಯುತ್ತಲೇ ಹೋಗುತ್ತದೆ ಅಂದರು.

ಇಳಿಯಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸುಳ್ಳು ಹೇಳಿ ಮಾಲಿನ ಬೆಲೆ ಏರಿಸಬಾರದು ಎಂದು ಕಲಿಸಿದವರೇ ಅವರು. ಊರ ಹೆಸರುಗಳು ಹೋದವು, ನೆರೆಯವರ ಮುಖಗಳು ಹೋದವು, ಸತ್ತ ಹೆಂಡತಿಯ ನೆನಪು ಹೋಯಿತು, ಕೊನೆಗೆ ಮಗನ ಗುರುತೂ ಹೋಯಿತು. ಅಲ್ಲಿಂದಲೇ ಸಾವುಕಾರರ ಮೂರು ವರ್ಷದ ಲೆಕ್ಕ ಶುರುವಾಗುವುದು.

ಆ ಹೊತ್ತಿಗೆ ನಮ್ಮ ಜನ ಏನು ಮಾಡುತ್ತಾರೆ ಗೊತ್ತೇ? ನಿಮ್ಮ ಮನೆಯಲ್ಲೂ ನಡೆದಿರಬಹುದು, ಓದಿ ತಿದ್ದಿಕೊಳ್ಳಿ. ಮರೆವು ಬಂದ ಮುದುಕರ ಮುಂದೆ ಹೋಗಿ ನಿಂತು, "ಯಪ್ಪಾ, ನಾ ಯಾರು ಹೇಳ್ ನೋಡಮ?" ಅನ್ನುತ್ತಾರೆ. ಅಕ್ಕರೆಯಿಂದಲೇ ಕೇಳುತ್ತಾರೆ, ಅದೇ ದೊಡ್ಡ ತಪ್ಪು. ಬಂದ ಬೀಗರು, ಹಾಲು ಹಾಕುವವಳು, ಕಟ್ಟೆಯ ಮೇಲಿನ ಗೆಳೆಯರು, ಎಲ್ಲರೂ ಅದೇ ಪ್ರಶ್ನೆ. ಉತ್ತರ ಬರದಿದ್ದರೆ ಅವರ ಎದುರಿಗೇ ಒಬ್ಬರಿಗೊಬ್ಬರು, "ಭಾಳ ಶ್ಯಾಣ್ಯಾ ಮನಷ್ಯಾ ಇದ್ದ, ಪಾಪ" ಅನ್ನುತ್ತಾರೆ. ಎದುರಿಗೆ ಕೂತವನನ್ನು "ಇದ್ದ" ಅನ್ನುವುದು! ನಾನೂ ಕೇಳಿದೆ, ಮುಚ್ಚಿಡುವುದಿಲ್ಲ. ಮೊದಲ ಸಲ ಅವರ ಊರು ಕಲ್ಲೂರಿಗೆ ನೋಡಲು ಹೋದಾಗ ಬಾಗಿಲಲ್ಲೇ ನಿಂತು, "ಯಪ್ಪಾ, ಗುರ್ತು ಸಿಕ್ತೇನ್ರಿ? ನಾ ಯಾರು?" ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀ ಯಾರಂತ ನಿನಗಽ ಗೊತ್ತಿಲ್ಲೇನು? ಪಾಪ, ಕೂಡು ಬಾ. ನನ್ನಂಗ ಆಗೇದ ನಿನಗೂ."

ಸೊಸೆ ಒಳಗಿನಿಂದ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಮೇಲೆ ನೀರು ತಂದುಕೊಟ್ಟು ಮೆಲ್ಲಗೆ ಹೇಳಿದಳು: "ಅಣ್ಣಾರ, ಮಾವಾರು ದಿನಾ ಮುಂಜಾನೆ ದನ ಕಟ್ಟೋ ಗ್ವಾದಲಿಗೆ ಹೋಗಿ ಎರಡೂ ಎತ್ತಿನ ಮೈ ತಿಕ್ತಾರ್ರಿ. ಆವಾಗ ಮಾರಿ ಮ್ಯಾಲ ಏನೂ ಕಳಕೊಂಡಂಗ ಕಾಣಂಗಿಲ್ಲ. ಎತ್ತು 'ನಾ ಯಾರು ಹೇಳು' ಅಂತ ಕೇಳಂಗಿಲ್ಲಲ್ರಿ, ಅದಕ್ಕ ಇರಬೇಕು."

ಆ ಎರಡು ಎತ್ತುಗಳಿಂದಲೇ ಮುಂದಿನ ಕಥೆ.

ಮಗ ಕೆಟ್ಟವನಲ್ಲ. ನನ್ನಿಂದಲೇ ಟ್ರ್ಯಾಕ್ಟರ್ ಕೊಂಡವನು. ಹೊಲದ ಕೆಲಸವೆಲ್ಲ ಅದರಲ್ಲೇ ಮುಗಿಯುತ್ತಿತ್ತು. ಎತ್ತುಗಳಿಗೆ ಮೇವು ಹಾಕುವುದು, ಸಗಣಿ ಬಳಿಯುವುದು, ಅವುಗಳ ಕಾಲಡಿಗೆ ಹೋಗಿ ಕೂರುವ ತಂದೆಯನ್ನು ಕಾಯುವುದು, ಇಷ್ಟರಲ್ಲೇ ಗಂಡಹೆಂಡಿರ ದಿನ ಹೋಗುತ್ತಿತ್ತು. "ಮಾಮಾ, ಜೋಡಿಗೆ ಒಳ್ಳೇ ಗಿರಾಕಿ ಇದ್ರ ನೋಡ್ರಿ" ಎಂದು ಫೋನ್ ಮಾಡಿದ. ಅವನ ಜಾಗದಲ್ಲಿ ನಾನಿದ್ದರೂ ಮಾರುತ್ತಿದ್ದೆ. ದೇವದುರ್ಗದ ಕಡೆಯ ಒಬ್ಬ ಒಕ್ಕಲಿಗ ನನ್ನ ಮೇಲೆ ನಂಬಿಕೆಯಿಟ್ಟು, "ನೀವಽ ಮುಗಿಸಿಕೊಂಡು ಬರ್ರಿ" ಅಂದ. ಅವನ ಪರವಾಗಿ ನಾನು ಹೋದೆ.

ಪಡಸಾಲೆಯಲ್ಲಿ ಹೊರಸಿನ ಮೇಲೆ ಅವರು ಕೂತಿದ್ದರು. ನಾವಿಬ್ಬರೂ ಅವರ ಎದುರಿಗೇ ನಿಂತು, ಅವರ ಹೆಗಲಿನದೇ ವಲ್ಲಿ ತೆಗೆದುಕೊಂಡು ಕೈಗೆ ಮುಚ್ಚಿದೆವು. ಯೋಚನೆ ಮಾಡಿ ನೋಡಿ: ಅವರ ಎತ್ತು, ಅವರ ವಲ್ಲಿ, ಅವರ ಮನೆ. ಅವರನ್ನು ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಕಂಬವನ್ನು ಯಾರಾದರೂ ಕೇಳುತ್ತಾರೆಯೇ? ಬೆರಳು ಹಿಡಿದೆವು, ಬಿಟ್ಟೆವು, ಗೆಣ್ಣು ಒತ್ತಿದೆವು. ಇನ್ನೇನು ಮುಗಿಯಬೇಕು.

ವಲ್ಲಿ ಸರಕ್ಕನೆ ಹೋಯಿತು.

ಅವರು ಎದ್ದು ನಿಂತಿದ್ದರು. ಎಳೆದುಕೊಂಡ ವಲ್ಲಿ ಅವರ ಕೈಯಲ್ಲಿತ್ತು. ಮಗನನ್ನು ನೋಡಿ ಕೇಳಿದರು: "ನೀ ಯಾರಪ್ಪ? ಮಾಲಕ ಇಲ್ಲೇ ಕುಂತಾಗ ನೀ ಯಾವ ಲೆಕ್ಕದಾಗ ಕೈ ಕೊಟ್ಟಿ?"

ಮಗನ ಮುಖ ಸುಟ್ಟಂತಾಯಿತು. "ಯಪ್ಪಾ, ನಾ ನಿನ್ನ ಮಗ. ಕೂಡು ನೀ."

"ಮಗ ಇದ್ರ ಛಲೋ ಆತು. ಸರಕೋ."

ನನ್ನ ಕಡೆ ತಿರುಗಿ, ಹಳೆಯ ಚಾಳಿಯಲ್ಲಿ ವಲ್ಲಿಯನ್ನು ಒಮ್ಮೆ ಕೊಡವಿ, ನನ್ನ ಕೈಯ ಮೇಲೆ ಹಾಕಿದರು. ನಾನು ಮಗನಿಗೆ ಕಣ್ಣು ಹೊಡೆದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಕೂಸಿನ ಜೊತೆ ಅಂಗಡಿ ಆಟ ಆಡುವವರ ಹಾಗೆ, ಬಾಯಿಗೆ ಬಂದ ಬೆಲೆಯನ್ನು ಬೆರಳಲ್ಲಿ ಹಿಡಿದೆ. ಅವರು ತಕ್ಷಣ ನನ್ನ ಬೆರಳು ಬಿಡಿಸಿ ಹಿಂದಕ್ಕೆ ತಳ್ಳಿದರು. ಈ ಸಲ ಖರೆ ಬೆಲೆಯನ್ನೇ ಹಿಡಿದೆ. ಅದಕ್ಕೂ ತಳ್ಳಿದರು. ಮೇಲೆ ಒಂದು ಗೆಣ್ಣು ಒತ್ತಿದೆ. ಅವರು ನನ್ನ ಇಡೀ ಕೈಯನ್ನು ತಮ್ಮ ಅಂಗೈಯಲ್ಲಿ ಒಂದು ಗಳಿಗೆ ಹಿಡಿದರು.

"ಲೇ ತಮ್ಮಾ, ನಿನ್ನ ಕೈ ನಡಗಾಕತ್ತದ" ಅಂದರು. "ಏನೋ ಮುಚ್ಚಿಟ್ಟಿ."

ನಡುಗುತ್ತಿತ್ತು. ಮಾಲಕರ ಎದುರಿಗೇ ಅವರನ್ನು ಬಿಟ್ಟು ಬೆಲೆ ಕಟ್ಟಿದ್ದೆವಲ್ಲ.

ಆಮೇಲೆ ವಲ್ಲಿಯ ಕೆಳಗೆ ಆ ಕೈ ನಿಧಾನವಾಗಿ ಮಡಚಿಕೊಂಡು ಮುಷ್ಟಿಯಾಯಿತು. ಒಣ ಬೇರಿನ ಹಾಗೆ ಗಟ್ಟಿ.

ಮಗನಿಗೆ ಸಿಟ್ಟು ತಡೆಯಲಿಲ್ಲ. ಮೂರು ಹೊತ್ತೂ ಬಾಯಿಗೆ ತುತ್ತು ಇಡುವವನನ್ನು ಯಾರಪ್ಪ ನೀ ಅಂದರೆ ಯಾರಿಗೆ ತಡೆದೀತು? "ಮಾಲಕ ಅಂತಿಯಲ್ಲ, ಹೇಳು ಹಂಗಾರ. ನಿನ್ನ ಹೆಸರೇನು? ಹೆಸರು ಹೇಳಿಬಿಡು, ಎತ್ತು ಮಾರಂಗಿಲ್ಲ. ಹೇಳು!"

ಸೊಸೆ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ಅವರು ಬಾಯಿ ತೆರೆದರು. ಹೆಸರು ಬರಲಿಲ್ಲ. ಗೋಡೆ ನೋಡಿದರು, ಹೊರಸು ನೋಡಿದರು, ತಮ್ಮ ಎರಡೂ ಕೈ ನೋಡಿಕೊಂಡರು. ಹುಡುಕುತ್ತಿದ್ದದ್ದು ಕಣ್ಣಿಗೆ ಕಾಣುತ್ತಿತ್ತು. ಸಾಕು ಮಾಡಪ್ಪ ಎಂದು ನಾನು ಮಗನಿಗೆ ಹೇಳುವುದರಲ್ಲಿದ್ದೆ. ಅಷ್ಟರಲ್ಲಿ ಅವರು ತಲೆ ಎತ್ತಿದರು.

"ಹೆಸರು ಮರತದ" ಅಂದರು. "ಮರತಾಂವ ಇಲ್ಲೇ ನಿಂತೀನಿ. ಎತ್ತು ಕೊಡಂಗಿಲ್ಲ."

ಅವರು ವಲ್ಲಿ ಹೆಗಲಿಗೆ ಹಾಕಿಕೊಂಡು, ಗೋಡೆ ಹಿಡಿಯುತ್ತ, ಗ್ವಾದಲಿಗೆ ಹೋದರು. ನಾನು ದೇವದುರ್ಗದವನಿಗೆ ಫೋನ್ ಮಾಡಿ, ಮಾಲಕರು ಮುಷ್ಟಿ ಕಟ್ಟಿದರು ಅಂದೆ. ಅವನೂ ಸಂತೆ ಕಂಡವನು. ಯಾಕೆಂದು ಕೇಳಲಿಲ್ಲ.

ಇಲ್ಲಿ ಒಂದು ಮಾತು ಚೊಕ್ಕ ಮಾಡಿಬಿಡುತ್ತೇನೆ. ಅವರು ನನ್ನ ಗುರುತು ಹಿಡಿದರು ಎಂದು ನಾನು ಹೇಳುತ್ತಿಲ್ಲ. ಕೇಳುವವರಿಗೆ ಹಾಗೆ ಹೇಳಿದರೆ ಹಿತವಾಗಿರುತ್ತದೆ, ಆದರೆ ಅದು ಗೊರಸಿಗೆ ಕೆಸರು ಮೆತ್ತಿದ ಹಾಗೆ. ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಸಾಯುವ ತನಕ ಗೊತ್ತಾಗಲೂ ಇಲ್ಲ. ಕೈ ನಡಗಾಕತ್ತದ ಅನ್ನುವ ಮಾತು ಮೊದಲ ದಿನದ ನೆನಪಿನಿಂದ ಬಂದದ್ದಲ್ಲ. ಆವತ್ತೂ ನಾನು ಅವರಿಗೆ ಗುರುತಿಲ್ಲದ ಯಾವನೋ, ಈವತ್ತೂ ಯಾವನೋ. ಎರಡು ಸಲವೂ ಅಪರಿಚಿತನೊಬ್ಬನ ಕೈ ಹಿಡಿದು ಒಳಗಿನ ಐಬು ಕಂಡುಹಿಡಿದರು. ನೆನಪೇ ಮನುಷ್ಯ ಅನ್ನುವವರು ಇದಕ್ಕೆ ಉತ್ತರ ಹೇಳಲಿ: ನೆನಪೆಲ್ಲ ಬದಲಿ ಸಾಮಾನಿನಂತೆ ಬಿಚ್ಚಿಹೋದ ಮೇಲೆ ಮುಷ್ಟಿ ಕಟ್ಟಿದವರು ಯಾರು? ಇಲ್ಲ ಅನ್ನಲಿಕ್ಕೆ ಒಬ್ಬ ಬೇಕು. ಹೌದು ಅನ್ನಲಿಕ್ಕೆ ಬೇಕಾದರೆ ಕಂಬವೂ ಸಾಕು.

ಆಮೇಲೆ ಆ ಮನೆಯಲ್ಲಿ ಒಂದು ಬದಲಾವಣೆ ಆಯಿತು. ಮಗ ಪರೀಕ್ಷೆ ಕೇಳುವುದನ್ನು ಬಿಟ್ಟ. ಬೆಳಿಗ್ಗೆ ಎದುರಿಗೆ ಬಂದು, "ಯಪ್ಪಾ, ನಾ ನಿನ್ನ ಮಗ, ಎತ್ತಿಗೆ ನೀರು ಕುಡಸೀನಿ" ಎಂದು ತಾನೇ ಹೇಳುತ್ತಿದ್ದ. ಅವರು ಕೆಲವು ದಿನ "ಛಲೋ ಮಾಡಿದಿ" ಅನ್ನುವರು, ಕೆಲವು ದಿನ "ಹೌದಾ? ಯಾವಾಗಿಂದ?" ಅನ್ನುವರು. ಮಗ ನಗುತ್ತಿದ್ದ. ನಗು ಬರುವಷ್ಟು ಹಗುರಾಗಿದ್ದ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಇದೊಂದನ್ನು ಮಾಡಿ. ಖರ್ಚಿಲ್ಲದ ಕೆಲಸ: ಅವರ ಬಾಯಿಂದ ನಿಮ್ಮ ಹೆಸರು ಕೀಳಬೇಡಿ, ನಿಮ್ಮ ಹೆಸರನ್ನು ನೀವೇ ಒಯ್ದು ಅವರ ಮುಂದೆ ಇಡಿ.

ಮೂರು ವರ್ಷ ನಾನು ತಪ್ಪದೆ ಹೋದೆ. ಹೋದಾಗಲೆಲ್ಲ ವಲ್ಲಿ ಮುಚ್ಚುವರು. ಇಲ್ಲದ ಎತ್ತಿಗೆ, ಇಲ್ಲದ ಸಂತೆಯಲ್ಲಿ, ಹೊಸ ಗಿರಾಕಿಯ ಜೊತೆ ಚೌಕಾಸಿ. ಒಮ್ಮೆಯೂ ನನ್ನನ್ನು ಗೆಲ್ಲಗೊಡಲಿಲ್ಲ. ಕೊನೆಕೊನೆಗೆ ಮಾತು ನಿಂತಿತು. ಬೆರಳು ನಿಲ್ಲಲಿಲ್ಲ.

ಇಷ್ಟನ್ನೂ ಕಾಲುವೆಯ ದಂಡೆಯಲ್ಲಿ ಹೇಳಲು ಆಗುತ್ತದೆಯೇ? ಅರ್ಧ ಮಾತ್ರ ಹೇಳಿದೆ. ಮಗ ದೂರದಲ್ಲಿ ಹೊಸ ಮಣ್ಣಿನ ಹತ್ತಿರ ನಿಂತು ನಮ್ಮ ಕಡೆಯೇ ನೋಡುತ್ತಿದ್ದ. ಸಾವುಕಾರರಿಗೂ ಸೋತೆನೆಂದು ಒಪ್ಪಲು ಮನಸ್ಸಿಲ್ಲ, ನನ್ನನ್ನು ನೋಯಿಸಲೂ ಮನಸ್ಸಿಲ್ಲ. ಅವರೂ ವ್ಯಾಪಾರಿಯಲ್ಲವೇ, ವ್ಯಾಪಾರಿಯ ದಾರಿಯನ್ನೇ ಹಿಡಿದರು.

"ಆತು ಬಿಡಪ್ಪ, ನಿಂದೂ ಬ್ಯಾಡ ನಂದೂ ಬ್ಯಾಡ, ನಡುವ ಮುರಿಯಮ. ಒಂದೂವರಿ ವರ್ಸದ ಹಿಂದ ಹೋದ ಅನ್ನಮ. ಆತಿಲ್ಲ?"

ನಾನು ಹೆಗಲ ಮೇಲಿನ ವಲ್ಲಿ ತೆಗೆದೆ. ಒಮ್ಮೆ ಕೊಡವಿ, ಸಾವುಕಾರರ ಒದ್ದೆ ಕೈಯ ಮೇಲೆ ಮುಚ್ಚಿದೆ. ಅವರು ಬೆರಳು ಹುಡುಕಿದರು. ಸಿಕ್ಕಿದ್ದು ಮುಷ್ಟಿ.